ಕಡಲ ನಡುವಿನ ನೆರೆಯವರು

ಅಗಡಿಯ ಬಯಲಿನಲ್ಲಿ ಬೆಳೆದ ನಮಗೆ ಕಡಲದ್ವೀಪದ ಜನರು ದೂರದವರೆಂದು ತೋರುವುದು ಸಹಜ. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಲಕ್ಷದ್ವೀಪದ ಹವಳದ ನಡುಗಡ್ಡೆಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಅಲ್ಲಿನ ಮರಳಿನಲ್ಲಿ ತೆಂಗು ಬೆಳೆಯುವುದು, ಭತ್ತ ಬೆಳೆಯದು. ಆದುದರಿಂದ ಹೆಣ್ಣುಮಕ್ಕಳು ಸಿಪ್ಪೆಯನ್ನು ನೆನೆಹಾಕಿ, ಬಡಿದು, ನಾರು ಬಿಡಿಸಿ ಹುರಿ ಹೊಸೆಯುತ್ತಿದ್ದರು. ಗಂಡಸರು ಅದನ್ನು ಹಾಯಿಯ ಓಡಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಮುನಿದರೆ ಕೂಡಿಟ್ಟ ಅಕ್ಕಿಯೇ ಆಧಾರ. ನಾವು ಬಾವಿಗಿಳಿಸಿದ ಹಗ್ಗವು ಯಾವ ತಾಯಿಯ ಅಂಗೈಯನ್ನು ಸವೆಸಿತ್ತೋ ಎಂದು ನಾನು ಯೋಚಿಸುವುದುಂಟು.

2011ರ ಜನಗಣತಿಯಲ್ಲಿ ಬಿತ್ರಾದ ಜನಸಂಖ್ಯೆ ಕೇವಲ 271. ಆ ದ್ವೀಪವನ್ನು ರಕ್ಷಣಾ ಕಾರ್ಯಕ್ಕಾಗಿ ವಶಪಡಿಸಿಕೊಳ್ಳುವ ಪ್ರಸ್ತಾವವು 2025ರಲ್ಲಿ ಬಂದಾಗ ಅಲ್ಲಿಯವರು ಕಳವಳಗೊಂಡರು. ಎಣಿಕೆಯಲ್ಲಿ ಅಲ್ಪರಾದ ಮಾತ್ರಕ್ಕೆ ತಾಯ್ನೆಲದ ಮೇಲಿನ ಅವರ ಮಮತೆಯೂ ಅಲ್ಪವಾದೀತೇ? ನೀವೇ ಆಲೋಚಿಸಿರಿ.