ಗಾಳಿಯೋ ಬಿಸಿಲೋ: ಒಂದು ದೋಣಿಯ ಬ್ಯಾಟರಿಯ ಕತೆ

1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಸುತ್ತಮುತ್ತಲ ದೋಣಿಕಟ್ಟೆಗಳಲ್ಲಿ ಗಾಳಿ ಎದ್ದ ದಿನ ಮೊದಲು ಕಿವಿಗೆ ಬೀಳುತ್ತಿದ್ದುದು ಬ್ಯಾಟರಿ ತುಂಬಿಸುವ ಗಾಳಿಯಂತ್ರಗಳ ಸದ್ದು. ದೂರ ಹೋಗುವ ಹಾಯಿದೋಣಿ ಎಂದಮೇಲೆ ಹಿಂಬದಿಯಲ್ಲೊಂದು ಕಂಬ, ಅದರ ತುದಿಯಲ್ಲಿ ಮೂರಡಿ ಅಗಲಕ್ಕೆ ತಿರುಗುವ ರೆಕ್ಕೆಗಳು ಇರಬೇಕು ಎಂಬುದು ಆಗಿನ ನಂಬಿಕೆ. ಹೊನ್ನಾವರದಿಂದ ಕೆಲಸಕ್ಕೆಂದು ಅಲ್ಲಿಗೆ ಹೋದ ನಾನು ಮೂವರು ಸಹೋದ್ಯೋಗಿಗಳ ಜತೆ ಪಾಲು ಹಾಕಿ ಕೊಂಡ 26 ಅಡಿಯ ಹಳೆಯ ದೋಣಿಯಲ್ಲೂ ಅಂಥದ್ದೊಂದು ಇತ್ತು. ಈಗ ಅದೇ ಕಟ್ಟೆಗಳ ಮೇಲೆ ನಡೆದರೆ ಎಲ್ಲೆಲ್ಲೂ ಕಪ್ಪು ಸೌರಫಲಕಗಳು. ಗಾಳಿಯಂತ್ರ ಅಲ್ಲೊಂದು ಇಲ್ಲೊಂದು.

ಬಿಸಿಲು ಗಾಳಿಯನ್ನು ಸೋಲಿಸಿತು ಎಂದು ಇದನ್ನು ಹೇಳುವುದು ಸುಲಭ. ಆದರೆ ಹಾಗೆ ಹೇಳಿದರೆ ಅರ್ಧ ಕತೆ ಬಿಟ್ಟಂತೆ.

ಆಗ ನಮ್ಮ ದೋಣಿಯಲ್ಲಿ ವಿದ್ಯುತ್ತನ್ನು ಹೆಚ್ಚು ಕುಡಿಯುತ್ತಿದ್ದುದು ಹಾಯಿಕಂಬದ ತುದಿಯ ದೀಪ. ರಾತ್ರಿ ಸಾಗುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ ಬೆಳಕು ಕಾಣಿಸಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಸಣ್ಣ ಹಾಯಿದೋಣಿಗಳು ಮೂರೂ ಬಣ್ಣಗಳನ್ನು ಒಂದೇ ದೀಪದಲ್ಲಿ ಕೊಡಬಹುದು. ಅದರೊಳಗೆ 25 ವ್ಯಾಟಿನ ಬಲ್ಬು. 12 ವೋಲ್ಟಿನ ಬ್ಯಾಟರಿಯಿಂದ ಅದು ಎರಡು ಆಂಪಿಯರ್, ಅಂದರೆ ಗಂಟೆಗೆ ಎರಡು ಆಂಪ್-ಅವರ್ ಎಳೆಯುತ್ತದೆ. ವಸಂತದಲ್ಲಿ ಸೌತಾಂಪ್ಟನ್ನಿನ ಎದುರಿನ ವೈಟ್ ದ್ವೀಪದಿಂದ ಫ್ರಾನ್ಸಿನ ಶೆರ್ಬೂರ್ಗ್‌ಗೆ ಸುಮಾರು 60 ನಾಟಿಕಲ್ ಮೈಲು ದಾಟಲು ಹೊರಟರೆ, ಹತ್ತು ಗಂಟೆಯ ಕತ್ತಲಿಗೆ ಆ ಒಂದು ಬಲ್ಬಿಗೇ 20 ಆಂಪ್-ಅವರ್ ಬೇಕು. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ 80 ಆಂಪ್-ಅವರಿನ ಬ್ಯಾಟರಿಯಲ್ಲಿ ಬಳಸಲು ಸಿಗುತ್ತಿದ್ದುದು 40. ಅದರಲ್ಲಿ ಅರ್ಧ ದೀಪಕ್ಕೇ ಹೋಗುತ್ತಿತ್ತು.

ಇದನ್ನು ತುಂಬಿಕೊಡಲು ಸೌರಫಲಕಕ್ಕೆ ಆಗ ತಾಕತ್ತಿರಲಿಲ್ಲ. ನಮ್ಮ ಜೇಬಿಗೆ ಎಟುಕುತ್ತಿದ್ದುದು ಚಹಾದ ಟ್ರೇಯಷ್ಟು ದೊಡ್ಡದಾದ 20 ವ್ಯಾಟಿನ ಫಲಕ. ಒಳ್ಳೆಯ ಬೇಸಿಗೆಯ ದಿನದಲ್ಲೂ ಆರೇಳು ಆಂಪ್-ಅವರ್ ಬಂದರೆ ಅದೇ ಹೆಚ್ಚು. ಹತ್ತು ನಾಟ್ (ಗಂಟೆಗೆ ಹತ್ತು ನಾಟಿಕಲ್ ಮೈಲು) ಗಾಳಿಯಲ್ಲಿ ಗಾಳಿಯಂತ್ರ ಎರಡು ಆಂಪಿಯರ್ ಕೊಡುತ್ತಿತ್ತು, ಅದೂ ಹಗಲು ರಾತ್ರಿ ಎನ್ನದೆ. ಲೆಕ್ಕ ಹಾಕಿದವರಿಗೆ ಬೇರೆ ದಾರಿ ಇರಲಿಲ್ಲ.

ಆದರೆ ಗಾಳಿಯ ಲೆಕ್ಕ ಕಾಗದದ ಮೇಲೆ ಇದ್ದಂತೆ ನೀರಿನ ಮೇಲೆ ಇರುವುದಿಲ್ಲ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಲಂಗರು ಹಾಕುವವನು ಹುಡುಕುವುದಾದರೂ ಏನನ್ನು? ಗಾಳಿ ತಾಗದ ಮರೆಯನ್ನು. ವೈಟ್ ದ್ವೀಪದ ಉತ್ತರ ದಂಡೆಯ ನ್ಯೂಟೌನ್ ಹಿನ್ನೀರಿನಲ್ಲಿ ನಾವು ನೆಮ್ಮದಿಯಿಂದ ಮಲಗಿದ ರಾತ್ರಿಗಳಲ್ಲೆಲ್ಲ ಯಂತ್ರವೂ ಮಲಗಿರುತ್ತಿತ್ತು. ದೋಣಿ ಗಾಳಿಯ ಜತೆಗೇ ಸಾಗುವಾಗಲೂ ಇದೇ ಕತೆ. ಹದಿನೈದು ನಾಟ್ ಗಾಳಿಯಲ್ಲಿ ಐದು ನಾಟ್ ವೇಗದಲ್ಲಿ ಓಡಿದರೆ ರೆಕ್ಕೆಗೆ ತಾಗುವುದು ಹತ್ತೇ ನಾಟ್, ದಕ್ಕುವ ಶಕ್ತಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬಿರುಗಾಳಿ ಎದ್ದಾಗ ವಿದ್ಯುತ್ತೇನೋ ಧಾರಾಳ, ಆದರೆ ಬ್ಯಾಟರಿ ತುಂಬಿದ ಮೇಲೆ ಅದನ್ನು ಸುಡಲು ಬೇರೆ ವ್ಯವಸ್ಥೆ ಬೇಕು. ಯಂತ್ರ ನಿಲ್ಲಿಸಬೇಕೆಂದರೆ ಕುಣಿಯುವ ದೋಣಿಯಲ್ಲಿ ನಿಂತು ಅದರ ಬಾಲ ಹಿಡಿದು ಮುಖವನ್ನು ಗಾಳಿಯಿಂದ ಆಚೆಗೆ ತಿರುಗಿಸಿ, ರೆಕ್ಕೆಗೆ ಹಗ್ಗ ಕಟ್ಟಬೇಕು. ಕೈಬೆರಳಿಗೆ ಅಪಾಯವಿದ್ದ ಕೆಲಸ ಅದು. ಪಕ್ಕದ ದೋಣಿಯವರ ನಿದ್ದೆಗೆ ಆಗುತ್ತಿದ್ದ ತೊಂದರೆಯೂ ಸಣ್ಣದಲ್ಲ. ಆ ಸದ್ದು ಹೋಯಿತೆಂದು ನನಗೆ ಎಳ್ಳಷ್ಟೂ ಬೇಸರವಿಲ್ಲ.

ಮುಂದೆ ಎರಡು ಬದಲಾವಣೆಗಳಾದವು. ಒಂದು ಎಲ್ಲರಿಗೂ ಕಂಡಿತು: ಸೌರಫಲಕದ ಬೆಲೆ ವರ್ಷಗಳು ಕಳೆದಂತೆ ಕುಸಿಯಿತು. ಇನ್ನೊಂದು ಅಷ್ಟಾಗಿ ಕಾಣಲಿಲ್ಲ, ಆದರೆ ದೊಡ್ಡದು ಅದೇ: ಎಲ್‌ಇಡಿ ಬಂತು. ಬಿಳಿ ಬೆಳಕಿನ ಎಲ್‌ಇಡಿಗೆ ದಾರಿ ತೆರೆದ ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಕಾಮುರ ಅವರಿಗೆ 2014ರಲ್ಲಿ ನೊಬೆಲ್ ಬಂದಾಗ ಪತ್ರಿಕೆಗಳು ಮನೆ, ಬೀದಿಗಳ ದೀಪದ ಬಗ್ಗೆ ಬರೆದವು. ನಮ್ಮ ಹಾಯಿಕಂಬದ ತುದಿಯಲ್ಲಿ 25 ವ್ಯಾಟಿನ ಜಾಗಕ್ಕೆ ಎರಡೂವರೆ ವ್ಯಾಟಿನ ದೀಪ ಬಂದಿತ್ತು. ಇಡೀ ರಾತ್ರಿಯ ಖರ್ಚು 20 ಆಂಪ್-ಅವರಿನಿಂದ ಎರಡಕ್ಕೆ ಇಳಿಯಿತು. ಕ್ಯಾಬಿನ್ನಿನ ಹ್ಯಾಲೊಜನ್ ದೀಪಗಳೂ ಹೋದವು. ಹೊಸ ಫಲಕ ಹಾಕುವ ಮೊದಲೇ ನಮ್ಮ ಕೊರತೆಯ ಬಹುಪಾಲು ನೀಗಿತ್ತು.

ಆಮೇಲೆ ಹಾಕಿದ್ದು 100 ವ್ಯಾಟಿನ ಒಂದು ಫಲಕ. ಜೂನ್ ತಿಂಗಳ ಒಳ್ಳೆಯ ದಿನಗಳಲ್ಲಿ ಅದು ಸುಮಾರು 30 ಆಂಪ್-ಅವರ್ ಕೊಡುತ್ತದೆ. ಅದಕ್ಕೂ ಅದರದೇ ಹಟಗಳಿವೆ. ಕ್ಯಾಬಿನ್ನಿನ ಮೇಲೆ ಅದನ್ನು ಕೂರಿಸಿದ ಮಧ್ಯಾಹ್ನ ಮೀಟರ್ ಐದು ಆಂಪಿಯರ್ ತೋರಿಸುತ್ತಿತ್ತು. ದೋಣಿ ಸ್ವಲ್ಪ ತಿರುಗಿ, ಹಾಯಿಯ ಬುಡದ ಅಡ್ಡಗಂಬದ ನೆರಳು ಗೇಣಗಲದಷ್ಟು ಫಲಕದ ಮೇಲೆ ಬಿತ್ತು. ಮೀಟರ್ ಒಂದೂವರೆಗೆ ಇಳಿಯಿತು. ಅಡ್ಡಗಂಬವನ್ನು ಪಕ್ಕಕ್ಕೆಳೆದು ಕಟ್ಟಿದೊಡನೆ ಮತ್ತೆ ಐದು. ಫಲಕದ ಕೋಶಗಳು ಸಾಲಾಗಿ ಒಂದಕ್ಕೊಂದು ಜೋಡಣೆಯಾಗಿರುವುದರಿಂದ ನಾಲ್ಕಾರು ಕೋಶಕ್ಕೆ ನೆರಳು ಬಿದ್ದರೂ ಸಾಲು ಪೂರ್ತಿ ಸೊರಗುತ್ತದೆ. ಆದ್ದರಿಂದ ಫಲಕ ಎಷ್ಟು ವ್ಯಾಟಿನದು ಎಂಬುದಕ್ಕಿಂತ ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯ.

ಶನಿವಾರ ಭಾನುವಾರ ಮಾತ್ರ ಹೊರಡುವ ದೋಣಿಗೆ ಬಿಸಿಲಿನಿಂದ ಇನ್ನೊಂದು ಉಪಕಾರವಿದೆ. ಸೀಸದ ಬ್ಯಾಟರಿ ಅರೆಬರೆ ಚಾರ್ಜಿನಲ್ಲಿ ವಾರಗಟ್ಟಲೆ ಕೂತರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಸಾಯುತ್ತದೆ. ಚಾರ್ಜಿನ ಕೊನೆಯ ಭಾಗ ತುಂಬುವುದು ಬಹಳ ನಿಧಾನ, ಎಂಜಿನ್ ಓಡಿಸಿ ಅದನ್ನು ತುಂಬುವುದು ಡೀಸೆಲ್ ದಂಡ. ಯಾರೂ ಇಲ್ಲದ ಐದು ದಿನ ಫಲಕ ಸದ್ದಿಲ್ಲದೆ ಆ ಕೆಲಸ ಮುಗಿಸುತ್ತದೆ.

ಹಾಗೆಂದು ಗಾಳಿಯಂತ್ರದ ಕಾಲ ಮುಗಿದಿಲ್ಲ. ಸೌತಾಂಪ್ಟನ್ ಇರುವುದು 51 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಸುಮಾರು ಎಂಟೇ ಗಂಟೆ, ಸೂರ್ಯ ಹೆಚ್ಚು ಮೇಲೇರುವುದೂ ಇಲ್ಲ. ಅದೇ 100 ವ್ಯಾಟಿನ ಫಲಕ ನಾಲ್ಕೈದು ಆಂಪ್-ಅವರ್ ಕೊಟ್ಟರೆ ಪುಣ್ಯ. ಗಾಳಿ ಬೀಸುವುದು ಆಗಲೇ. ಚಳಿಗಾಲವಿಡೀ ದೋಣಿಯಲ್ಲೇ ವಾಸ ಮಾಡುವವರು, ಇನ್ನೂ ಉತ್ತರಕ್ಕೆ ಹೋಗುವವರು ಎರಡನ್ನೂ ಇಟ್ಟುಕೊಳ್ಳುವುದು ಸರಿಯಾದ ತೀರ್ಮಾನ.

ನಮ್ಮ ಕರಾವಳಿಗೆ ಈ ಲೆಕ್ಕ ಹೊಂದುವುದಿಲ್ಲ. ಹೊನ್ನಾವರ ಇರುವುದು 14 ಡಿಗ್ರಿಯಲ್ಲಿ, ಹಗಲು ವರ್ಷವಿಡೀ ಹನ್ನೊಂದರಿಂದ ಹದಿಮೂರು ಗಂಟೆ. ಗಾಳಿ ಜೋರಾಗಿ, ಮೋಡ ಕವಿಯುವ ಮಳೆಗಾಲದಲ್ಲಿ ಸಣ್ಣ ದೋಣಿಯನ್ನು ಕಡಲಿಗೆ ಇಳಿಸುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ. ದೋಣಿ ನೀರಿಗಿಳಿಯುವ ತಿಂಗಳುಗಳೇ ಬಿಸಿಲಿನ ತಿಂಗಳುಗಳು. ಇಲ್ಲಿ ಫಲಕವಷ್ಟೇ ಸಾಕು.

ಗಾಳಿಯೋ ಬಿಸಿಲೋ ಎಂದು ಈಗಲೂ ಕೇಳುವವರಿದ್ದಾರೆ. ಒಂದು ಹಗಲು, ಒಂದು ರಾತ್ರಿಯ ಖರ್ಚನ್ನು ದೀಪ ದೀಪಕ್ಕೂ ಬರೆದುಕೊಳ್ಳಿ, ಹಳೆಯ ಬಲ್ಬುಗಳಿದ್ದರೆ ಮೊದಲು ಅವನ್ನು ಬದಲಿಸಿ ಎನ್ನುತ್ತೇನೆ. ಫಲಕವನ್ನೋ ಯಂತ್ರವನ್ನೋ ಕೊಳ್ಳಲು ಅಂಗಡಿಗೆ ಹೋಗುವುದು ಅದರ ನಂತರದ ಕೆಲಸ.