ಸಿಪ್ಪೆ ಎಸೆಯಬೇಡ, ಮಾತ್ರೆ ಮರೆಯಬೇಡ

ಕಳೆದ ಡಿಸೆಂಬರ್ ರಜೆಗೆ ಮೊಮ್ಮಗಳು ಬೆಂಗಳೂರಿನಿಂದ ಮಲ್ಲಿಪಟ್ಟಣಕ್ಕೆ ಬಂದಿದ್ದಳು. ಜಗಲಿಯಲ್ಲಿ ಕುಳಿತು ಕಿತ್ತಳೆ ತಿಂದು, ಸಿಪ್ಪೆ ಎಸೆಯಲು ಎದ್ದಳು. ಅಡುಗೆಮನೆಯಿಂದಲೇ ನನ್ನ ಹೆಂಡತಿ ಕೂಗಿದಳು: "ಎಸೀಬೇಡ ಪುಟ್ಟಿ, ಇಲ್ಲಿ ಕೊಡು. ಗೊಜ್ಜು ಮಾಡ್ತೀನಿ."

"ಅಯ್ಯೋ ಅಜ್ಜಿ, ಅದು ಕಹಿ!"

ನಮ್ಮೂರಿಗೆ ಕೊಡಗು ಹತ್ತಿರ. ನಾನು ಹುಡುಗನಾಗಿದ್ದಾಗ ಕೊಡಗಿನ ಕಿತ್ತಳೆ ಸಂತೆಗೆ ಬುಟ್ಟಿಗಟ್ಟಲೆ ಬರುತ್ತಿತ್ತು. ಅದರ ಸಿಪ್ಪೆ ಸಡಿಲ, ಘಮ ಹೆಚ್ಚು. ನಮ್ಮಮ್ಮ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಂದು ಕುದಿ ಕುದಿಸಿ, ಕಹಿ ನೀರು ಬಸಿದು, ಹುಣಸೆ ರಸ, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡುತ್ತಿದ್ದರು. ದಾಳಿಂಬೆ ಸಿಪ್ಪೆ ಒಣಗಿ ಡಬ್ಬಿ ಸೇರುತ್ತಿತ್ತು. ಹೊಟ್ಟೆ ಕೆಟ್ಟರೆ ಅದರ ತಂಬುಳಿ. ಹಲಸಿನ ಬೀಜ ಸಾರಿಗೆ. ಏನೂ ದಂಡವಾಗುತ್ತಿರಲಿಲ್ಲ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವಿಜ್ಞಾನ ತಿಳಿದದ್ದು ನಿವೃತ್ತಿಯಾದ ಮೇಲೆ, ಓದಿ. ಮೊಮ್ಮಗಳಿಗೆ ಒಂದು ಪ್ರಯೋಗ ತೋರಿಸಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಸೇಬಿನ ಎರಡು ಹೋಳಿನಲ್ಲಿ ಒಂದಕ್ಕೆ ಮಾತ್ರ ನಿಂಬೆರಸ ಸವರಿ ಇಡಿ. ಸ್ವಲ್ಪ ಹೊತ್ತಿನಲ್ಲಿ ಬರೀ ಹೋಳು ಕಂದಾಗುತ್ತದೆ, ನಿಂಬೆರಸದ್ದು ಬೆಳ್ಳಗೇ ಇರುತ್ತದೆ. ಗಾಳಿಯ ಆಮ್ಲಜನಕ ಮಾಡುವ ಕೆಲಸವನ್ನು ನಿಂಬೆಯ ಸಿ ಜೀವಸತ್ವ ತಡೆಯಿತು. ಹೀಗೆ ತಡೆಯುವ ವಸ್ತುಗಳೇ ಆಂಟಿಆಕ್ಸಿಡೆಂಟ್‌ಗಳು. ಬಿಸಿಲು, ಹುಳು, ಬೂಷ್ಟು ಇವನ್ನೆಲ್ಲ ಮೊದಲು ಎದುರಿಸುವುದು ಸಿಪ್ಪೆ. ಮುಂದಿನ ಗಿಡವನ್ನು ಕಾಯುವುದು ಬೀಜ. ಹಾಗಾಗಿ ಇಂಥ ವಸ್ತುಗಳು ಎಷ್ಟೋ ಹಣ್ಣುಗಳಲ್ಲಿ ತಿರುಳಿಗಿಂತ ಸಿಪ್ಪೆ, ಬೀಜಗಳಲ್ಲೇ ಹೆಚ್ಚು. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ದಾಳಿಂಬೆಯ ಸಿಪ್ಪೆ ಮತ್ತು ಬೀಜದ ಸಾರಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ 2002ರಲ್ಲಿ ಪ್ರಕಟಿಸಿದರು. ಗೆದ್ದದ್ದು ಸಿಪ್ಪೆ!

ಇಷ್ಟು ಓದಿದವನು ನಾನು ಒಂದು ದೊಡ್ಡ ತಪ್ಪು ಮಾಡಿದೆ. ನನಗೆ ಸಕ್ಕರೆ ಕಾಯಿಲೆ. ಕೆಲವು ವರ್ಷಗಳ ಹಿಂದೆ, ನೇರಳೆ ಬೀಜದ ಪುಡಿ ಇದ್ದರೆ ಸಾಕೆಂದು, ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಬೆಳಿಗ್ಗೆ, ರಾತ್ರಿ ಒಂದೊಂದು ಚಮಚ ಪುಡಿ. ತಿಂಗಳು ತುಂಬುವುದರೊಳಗೆ ವಿಪರೀತ ಬಾಯಾರಿಕೆ, ರಾತ್ರಿ ನಾಲ್ಕೈದು ಸಲ ಏಳುವುದು, ಕಾಲಲ್ಲಿ ಬಲವಿಲ್ಲ. ಒಂದು ದಿನ ಬಚ್ಚಲ ಬಾಗಿಲಲ್ಲೇ ಕುಸಿದೆ. ಆಸ್ಪತ್ರೆಯಲ್ಲಿ ಸಕ್ಕರೆ ಅಳೆದರೆ 380. ಡಾಕ್ಟರು ಬೈಯಲಿಲ್ಲ. "ಪ್ರಯೋಗಾಲಯದ ಬಾಟಲಿ ಬೇರೆ, ನಿಮ್ಮ ದೇಹ ಬೇರೆ, ಯಜಮಾನ್ರೇ. ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದರು. ಪಕ್ಕದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಡತಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇದನ್ನೂ ಮೊಮ್ಮಗಳಿಗೆ ಮುಚ್ಚಿಡದೆ ಹೇಳಿದೆ. ಸಿಪ್ಪೆ ಊಟಕ್ಕೆ ಒಳ್ಳೆಯದು, ಆದರೆ ಔಷಧಿಯ ಜಾಗಕ್ಕೆ ಅದನ್ನು ಕೂರಿಸಬಾರದು. ಅಂಗಡಿಯ ಹಣ್ಣಿಗೆ ಔಷಧ ಹೊಡೆದಿರಬಹುದು, ಚೆನ್ನಾಗಿ ತೊಳೆದೇ ಬಳಸಬೇಕು. ಎಲ್ಲ ಬೀಜವೂ ತಿನ್ನುವಂಥದ್ದಲ್ಲ. ಸೇಬಿನ ಬೀಜ ಜಗಿದರೆ ವಿಷ ಬಿಡುತ್ತದೆ.

ಮಾರನೆಯ ದಿನ ಅವಳು ಬಿಸಿ ಅನ್ನಕ್ಕೆ ಗೊಜ್ಜು ಎರಡು ಸಲ ಹಾಕಿಸಿಕೊಂಡಳು. ಊರಿಗೆ ಹೋದ ಮೇಲೆ ದಿನಾ ರಾತ್ರಿ ಫೋನ್ ಮಾಡುತ್ತಾಳೆ. ಮೊದಲ ಪ್ರಶ್ನೆ ಒಂದೇ:

"ತಾತಾ, ಮಾತ್ರೆ ತಗೊಂಡ್ಯಾ?"