ಗೃಹಶುಚಿತ್ವವೂ ನಿತ್ಯಾಭ್ಯಾಸವೂ

ನಮ್ಮ ಪಾಠಶಾಲೆಯ ಈ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಬೇಕೆಂದು ನಾವು ಕೆಲವು ದಿನಗಳ ವರೆಗೆ ಆಲೋಚಿಸಿದೆವು. ಸ್ತ್ರೀವಿದ್ಯಾಭ್ಯಾಸದ ಮಹತ್ವವನ್ನು ಕುರಿತು ನಮಗಿಂತ ಬಲ್ಲವರು ಬರೆದಿರುತ್ತಾರೆ. ಆದಕಾರಣ ನಾವು ಪೊರಕೆಯನ್ನೂ ಒರಸುವ ಬಟ್ಟೆಯನ್ನೂ ಕುರಿತು ಬರೆಯಲು ನಿಶ್ಚಯಿಸಿದೆವು. ಇದು ಅಲ್ಪ ವಿಷಯವೆಂದು ಯಾರಾದರೂ ನಗುವುದಾದರೆ, ಅವರು ದಯವಿಟ್ಟು ಕಡೆಯ ವರೆಗೆ ಓದಬೇಕೆಂದು ಬೇಡುತ್ತೇವೆ. ಯಾಕಂದರೆ ಈ ಅಲ್ಪ ವಿಷಯದಲ್ಲಿ ನಾವು ತೋರಿದ ಅಲಕ್ಷ್ಯಕ್ಕೆ ನಮ್ಮ ತಾಯಿಯವರು ಬೆಲೆಯನ್ನು ತೆರಬೇಕಾಯಿತು.

ಅಧ್ಯಾಪಕಿಯರ ತರಬೇತಿನ ಶಾಲೆಯಲ್ಲಿದ್ದಾಗ ನಾವು ಆರೋಗ್ಯಶಾಸ್ತ್ರದಲ್ಲಿ ಒಳ್ಳೇ ಅಂಕಗಳನ್ನು ಪಡೆದವರು. ಶುಚಿತ್ವದ ವಿಷಯವಾಗಿ ಎಷ್ಟು ಹೊತ್ತು ಬೇಕಾದರೂ ಪಾಠ ಹೇಳಬಲ್ಲೆವೆಂಬ ಒಂದು ಹೆಮ್ಮೆಯೂ ನಮಗಿತ್ತು. ಆದರೆ ನಮ್ಮ ಸ್ವಂತ ಮನೆಯಲ್ಲಿ ನಾವು ಅನುಸರಿಸುತ್ತಿದ್ದ ಕ್ರಮವೇ ಬೇರೆ. ವಾರದ ಐದು ದಿನಗಳೂ ಶಾಲೆಯ ಕಾಗದಪತ್ರಗಳಲ್ಲಿ ಮುಳುಗಿದ್ದು, ಮನೆಯ ಕೊಳೆಯನ್ನೆಲ್ಲಾ ಶನಿವಾರಕ್ಕೆಂದು ಕೂಡಿಹಾಕುತ್ತಿದ್ದೆವು. ಶನಿವಾರ ಬಂದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಕೀಟು ಪೊರಕೆಗಳೊಡನೆ ಯುದ್ಧಕ್ಕೆ ಹೊರಟವರಂತೆ ಹೊರಟು, ಸಾಯಂಕಾಲಕ್ಕೆ ಬೆನ್ನು ಹಿಡಿದುಕೊಂಡು ಕೂಡ್ರುತ್ತಿದ್ದೆವು. ಆ ಶನಿವಾರ ಶಾಲೆಯಲ್ಲಿ ಏನಾದರೂ ಸಭೆಯಿದ್ದರೆ ಕೊಳೆಯು ಮತ್ತೊಂದು ವಾರ ನಿರಾತಂಕವಾಗಿ ಬೆಳೆಯುತ್ತಿತ್ತು.

2017ನೆಯ ಇಸವಿಯ ಜುಲಾಯಿ ತಿಂಗಳು. ನಮ್ಮ ಕರಾವಳಿಯ ಮಳೆಗಾಲ ಹೇಗಿರುವುದೆಂದು ವಾಚಕರಿಗೆ ಹೇಳಬೇಕಾಗಿಲ್ಲ. ಹಾಸಿದ ಬಟ್ಟೆ ಆರದು, ಹಚ್ಚಿದ ಬೆಂಕಿ ಹತ್ತದು. ಎರಡು ಶನಿವಾರಗಳು ನಮ್ಮ ಕೈತಪ್ಪಿ ಹೋಗಿದ್ದವು. ಬಚ್ಚಲುಮನೆಯ ನೆಲದ ಮೇಲೆ ಪಾಚಿಯ ತೆಳುವಾದ ಪೊರೆಯೊಂದು ಕೂತಿತ್ತು. ಅದನ್ನು ನಾವು ಕಂಡಿರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಕಂಡಿದ್ದೆವು, ಬರುವ ಶನಿವಾರ ತಿಕ್ಕಿದರಾಯಿತೆಂದು ಬಾಗಿಲನ್ನು ಎಳೆದುಕೊಂಡು ಶಾಲೆಗೆ ಹೋಗಿದ್ದೆವು. ಆ ಬೆಳಿಗ್ಗೆ ಏಳನೆಯ ತರಗತಿಯಲ್ಲಿ ನಿಂತು ಶುಚಿತ್ವದ ಪಾಠವನ್ನು ಹೇಳುತ್ತಿದ್ದಾಗಲೇ ನೆರೆಮನೆಯವರು ಓಡಿಬಂದು, ತಾಯಿಯವರು ಬಚ್ಚಲಿನಲ್ಲಿ ಜಾರಿ ಬಿದ್ದಿರುವರೆಂದು ತಿಳಿಸಿದರು. ಎಪ್ಪತ್ತೊಂದು ವರ್ಷದ ಅವರ ಸೊಂಟದ ಎಲುಬು ಮುರಿದಿತ್ತು.

ಶಸ್ತ್ರಚಿಕಿತ್ಸೆಯಾಗಿ ಅವರು ಮನೆಗೆ ಬಂದ ಮೇಲೆ, ಒಂದು ರಾತ್ರಿ ಹಾಸಿಗೆಯ ಬಳಿಯಲ್ಲಿ ಕುಳಿತು ನಾವು ಕ್ಷಮೆ ಕೇಳಿದೆವು. ಅವರು ಬಯ್ಯಲಿಲ್ಲ. “ಮಗಳೇ, ನಿನಗೆ ಹೊತ್ತಿಲ್ಲವೆಂಬುದು ನನಗೆ ಗೊತ್ತು. ಆದರೆ ನಮ್ಮ ಮನೆಯಲ್ಲಿ ಒಂಭತ್ತು ಮಂದಿ ಇದ್ದಾಗಲೂ ಬಚ್ಚಲನ್ನು ತಿಕ್ಕುವುದಕ್ಕೆಂದು ನಾನು ಬೇರೆ ಹೊತ್ತನ್ನು ಇಟ್ಟಿರಲಿಲ್ಲ. ಕಡೆಗೆ ಮಿಂದವರು, ಮೈ ಒರಸಿಕೊಳ್ಳುವ ಮುಂಚೆ, ತೆಂಗಿನ ನಾರಿನಿಂದ ನೆಲವನ್ನು ನಾಲ್ಕು ಸಲ ಉಜ್ಜಿ ಒಂದು ಚೆಂಬು ನೀರು ಹೊಯ್ದು ಬರುವುದಷ್ಟೆ. ನೆಲ ಹೇಗೂ ನೆನೆದಿತ್ತು, ಕೈಯೂ ನೆನೆದಿತ್ತು” ಎಂದರು.

ತರಬೇತಿನ ಶಾಲೆಯಲ್ಲಿ ನಮಗೆ ಸಿಕ್ಕದಿದ್ದ ಪಾಠವು ಈ ಮಾತಿನಲ್ಲಿ ಸಿಕ್ಕಿತು. ಕೊಳೆಯನ್ನು ತೆಗೆಯುವ ಕೆಲಸವು ಪ್ರತ್ಯೇಕವಾಗಿ ನಿಂತರೆ ಅದಕ್ಕೆ ಸಮಯವೂ ಬೇಕು, ಮನಸ್ಸೂ ಬೇಕು. ಎರಡೂ ಒಟ್ಟಿಗೆ ದೊರೆಯುವುದು ಅಪರೂಪ. ನಾವು ಹೇಗೂ ಬಿಡದೆ ಮಾಡುವ ಮತ್ತೊಂದು ಕೆಲಸದ ಬಾಲಕ್ಕೆ ಅದನ್ನು ಕಟ್ಟಿಬಿಟ್ಟರೆ, ಅದು ತಾನಾಗಿಯೇ ಹಿಂಬಾಲಿಸಿ ಬರುತ್ತದೆ. ಪಾಚಿಯಂತೂ ಒದ್ದೆಯು ಆರದೆ ಕದಡದೆ ಇದ್ದಲ್ಲಿ ಮಾತ್ರ ಬೇರೂರುವುದು. ದಿನಾಲೂ ನಾರು ತಗಲುವ ನೆಲದಲ್ಲಿ ಅದಕ್ಕೆ ನೆಲೆಯಿಲ್ಲ.

ಅಂದಿನಿಂದ ನಾವು ಒಂದೊಂದಾಗಿ ರೂಢಿಮಾಡಿಕೊಂಡ ಅಭ್ಯಾಸಗಳನ್ನು ಇಲ್ಲಿ ಹೇಳುತ್ತೇವೆ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವ ವರೆಗೆ ಬಿಟ್ಟುಹೋಗುವ ಹಾಗಿಲ್ಲ. ಸುಮ್ಮನೆ ನಿಂತು ಪಾತ್ರೆಯನ್ನು ನೋಡುತ್ತಿದ್ದ ಆ ಐದಾರು ನಿಮಿಷಗಳಲ್ಲಿ ಈಗ ಅಡಿಗೆಯ ಕಟ್ಟೆಯನ್ನು ಒರಸುತ್ತೇವೆ. ಸ್ನಾನವಾದೊಡನೆ ಬಚ್ಚಲನ್ನು ಉಜ್ಜುತ್ತೇವೆ. ರಾತ್ರಿ ಊಟದ ತಟ್ಟೆಯನ್ನು ತೊಳೆದ ಕೈಯಿಂದಲೇ ಒಲೆಯ ಸುತ್ತಲೂ ಉದುರಿದ ಅನ್ನದ ಅಗುಳುಗಳನ್ನು ಬಳಿದು ತೆಗೆಯುತ್ತೇವೆ. ರಾತ್ರಿಯಿಡೀ ಬಿದ್ದಿರುವ ಅಗುಳು ಜಿರಲೆಗೂ ಇಲಿಗೂ ಕೊಟ್ಟ ಆಮಂತ್ರಣವಾಗಿದೆ. ಒರಸುವ ಬಟ್ಟೆಯನ್ನು ಮುದ್ದೆಮಾಡಿ ಮೂಲೆಯಲ್ಲಿಡದೆ, ಹಿಂಡಿ ಬಿಸಿಲಿಗೆ ಹರವುತ್ತೇವೆ. ಒದ್ದೆಬಟ್ಟೆಯಲ್ಲಿ ಸೂಕ್ಷ್ಮಾಣುಗಳು ವೃದ್ಧಿಯಾಗಿ, ಮರುದಿನ ಅದರಿಂದ ಒರಸಿದಲ್ಲೆಲ್ಲಾ ಅವುಗಳನ್ನು ಹಚ್ಚಿದಂತಾಗುವುದು. ಯಾವುದೊಂದು ಕೆಲಸವೂ ಐದಾರು ನಿಮಿಷಗಳನ್ನು ಮೀರುವುದಿಲ್ಲ.

ಇಂಥ ಅಭ್ಯಾಸವು ಎಷ್ಟು ದಿನಗಳಲ್ಲಿ ಮೈಗೂಡುವುದೆಂದು ಹಲವರು ಕೇಳುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಈ ಪ್ರಶ್ನೆಯನ್ನೇ ಹಿಡಿದು 96 ಮಂದಿಯನ್ನು ಪರೀಕ್ಷಿಸಿ, ತಾವು ಕಂಡದ್ದನ್ನು 2009ರಲ್ಲಿ ಪ್ರಕಟಿಸಿದರು. ಹೊಸ ಅಭ್ಯಾಸವು ಯತ್ನವಿಲ್ಲದೆ ನಡೆಯಲು ನಡುವಣ ಲೆಕ್ಕದಲ್ಲಿ 66 ದಿನಗಳು ಹಿಡಿದವು; ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನಗಳು ಬೇಕೆಂದು ಲೆಕ್ಕ ಕಂಡಿತು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡುವುದಿಲ್ಲವೆಂಬುದೂ ಅದರಿಂದ ತಿಳಿಯಿತು. ಆದುದರಿಂದ ಒಂದು ವಾರದಲ್ಲಿ ಬೇಸತ್ತು ಕೈಬಿಡುವವರೂ, ಒಂದು ದಿನ ತಪ್ಪಿತೆಂದು ಎದೆಗುಂದುವವರೂ ಧೈರ್ಯ ತಂದುಕೊಳ್ಳಬಹುದು. ಒಂದು ಅಭ್ಯಾಸ ಬಲಿಯುವ ವರೆಗೆ ಎರಡನೆಯದಕ್ಕೆ ಕೈಹಾಕಬಾರದೆಂಬುದು ನಮ್ಮ ಸ್ವಂತ ಅನುಭವ.

ದಿನಕ್ಕಲ್ಲ, ವಾರಕ್ಕೊಮ್ಮೆ ತಪ್ಪದೆ ಮಾಡತಕ್ಕ ಕೆಲಸವೂ ಒಂದುಂಟು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ರೋಗಾಣುವನ್ನು ಕಂಡ ಡಾಕ್ಟರ್ ರೊನಾಲ್ಡ್ ರಾಸರು, ಅದಕ್ಕೆ ಹದಿನಾಲ್ಕು ವರ್ಷ ಮುಂಚೆ, 1883ರಲ್ಲಿ, ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದರು. ತಮ್ಮ ಬಿಡಾರದಲ್ಲಿ ಸೊಳ್ಳೆಗಳು ವಿಪರೀತವಾಗಿರಲು ಕಾರಣವೇನೆಂದು ಹುಡುಕಿದಾಗ, ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ಅದನ್ನು ಬೋರಲು ಹಾಕಲು ಸೊಳ್ಳೆಗಳು ಕಡಿಮೆಯಾದವು. ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಚರಂಡಿಯನ್ನು ಹುಡುಕಿಕೊಂಡು ಹೋಗುವುದಿಲ್ಲ; ನಮ್ಮ ಹೂವಿನ ಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಮುಚ್ಚದ ಪೀಪಾಯಿ ಇವುಗಳ ತಿಳಿನೀರೇ ಅದಕ್ಕೆ ಪ್ರಿಯ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ವಾರಕ್ಕೊಮ್ಮೆ ನೀರನ್ನು ಚೆಲ್ಲಿದರೆ ಆ ಸರಪಣಿ ಕಡಿಯುವುದು. ಆದರೆ ಚೆಲ್ಲಿದರೆ ಸಾಲದು. ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು ಒಣಗಿಯೂ ತಿಂಗಳುಗಟ್ಟಲೆ ಬದುಕುವುದರಿಂದ ಬದಿಗಳನ್ನು ತಿಕ್ಕಿ ತೊಳೆಯಬೇಕು. ನಾವು ಇದನ್ನು ಭಾನುವಾರ ಗಿಡಗಳಿಗೆ ನೀರೆರೆಯುವ ಕೆಲಸಕ್ಕೆ ಕಟ್ಟಿದ್ದೇವೆ.

ಇನ್ನೊಂದು ಎಚ್ಚರಿಕೆ. ವಾರಗಟ್ಟಲೆ ಕೂಡಿದ ಕೊಳೆಯನ್ನು ಒಂದೇ ದಿನದಲ್ಲಿ ಕೀಳುವ ಆತುರದಲ್ಲಿ ಕೆಲವರು ಬ್ಲೀಚಿಂಗ್ ಪುಡಿಯನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿಯುತ್ತಾರೆ. ಅವೆರಡೂ ಕೂಡಿದರೆ ಕ್ಲೋರಿನ್ ಎಂಬ ವಿಷವಾಯು ಹೊರಡುವುದು. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ದಿನಾಲೂ ಸ್ವಲ್ಪ ಸಾಬೂನು ನೀರು ತಗಲುವ ನೆಲಕ್ಕೆ ಇಂಥ ಉಗ್ರ ಔಷಧಗಳು ಬೇಕಾಗುವುದು ಅಪರೂಪ.

ಕಡೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ನಮ್ಮ ಶಾಲೆಯಲ್ಲಿ ಸಾಯಂಕಾಲದ ಗಂಟೆಗೆ ಐದು ನಿಮಿಷ ಮುಂಚೆ ಪ್ರತಿ ತರಗತಿಯವರೂ ತಮ್ಮ ಕೋಣೆಯನ್ನು ಗುಡಿಸಿ ಬೆಂಚುಗಳನ್ನು ಸರಿಪಡಿಸುವ ವಾಡಿಕೆಯುಂಟು. ಅಧ್ಯಾಪಕಿಯರೂ ಪೊರಕೆ ಹಿಡಿಯುತ್ತಾರೆ. ಒಬ್ಬ ಬಾಲಕಿಯ ತಂದೆಯವರು ನಮ್ಮ ಬಳಿಗೆ ಬಂದು, “ಅಮ್ಮನವರೇ, ಮಗಳನ್ನು ಓದುವುದಕ್ಕೆ ಕಳುಹಿಸಿದ್ದೇವೆಯೇ ಹೊರತು ಕಸ ಗುಡಿಸುವುದಕ್ಕಲ್ಲ” ಎಂದರು. ಅವರ ಮಾತಿನಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು. ಮನೆಯಲ್ಲಿ ಯಾರು ಗುಡಿಸುವರೆಂದು ಕೇಳಿದೆವು. “ಇವಳೇ.” ಇವಳ ಅಣ್ಣನೋ ಎಂದೆವು. “ಅವನಿಗೆ ಪರೀಕ್ಷೆ ಹತ್ತಿರವಿದೆ.” “ಇವಳಿಗೂ ಹತ್ತಿರವಿದೆಯಲ್ಲಾ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದುಹೋದರು. ಕೆಲವು ವಾರಗಳ ತರುವಾಯ, ಅಣ್ಣನು ಈಗ ತಾನುಂಡ ತಟ್ಟೆಯನ್ನು ತಾನೇ ತೊಳೆಯುತ್ತಾನೆಂದು ಆ ಬಾಲಕಿ ನಮಗೆ ಹೇಳಿದಳು. ಪೊರಕೆಯ ವರೆಗೆ ಅವನಿನ್ನೂ ಬಂದಿರಲಿಲ್ಲ. ಮನೆಯಲ್ಲಿ ನಡೆಯುವವರೆಲ್ಲರೂ ಮನೆಯ ನೆಲವನ್ನು ಕೊಳೆಮಾಡುವರಾದ್ದರಿಂದ, ಐದೈದು ನಿಮಿಷದ ಪಾಲು ಎಲ್ಲರಿಗೂ ಸಲ್ಲಬೇಕು. ಎಲ್ಲವೂ ಒಬ್ಬಳ ತಲೆಯ ಮೇಲೆ ಬಿದ್ದಲ್ಲಿ ಸುಲಭವಾದ ಅಭ್ಯಾಸವೆಂಬುದು ಬರೀ ಮಾತಾಗುವುದು.

ನಮ್ಮ ತಾಯಿಯವರು ಕೋಲೂರಿಕೊಂಡು ನಡೆಯುವಷ್ಟು ಚೇತರಿಸಿಕೊಂಡರು. ಆದರೆ ಹಿತ್ತಿಲಿನ ಮೆಟ್ಟಲುಗಳನ್ನಿಳಿದು ತಮ್ಮ ಮಲ್ಲಿಗೆ ಗಿಡಗಳ ಬಳಿಗೆ ಮತ್ತೆ ಹೋಗಲಾರದೆ, 2020ನೆಯ ಇಸವಿಯಲ್ಲಿ ತೀರಿಕೊಂಡರು. ಅವರಿದ್ದ ಆ ಮೂರು ವರ್ಷಗಳಲ್ಲಿ ಪ್ರತಿದಿನವೂ ನಾವು ಸ್ನಾನ ಮುಗಿಸಿ ಬಚ್ಚಲನ್ನು ಉಜ್ಜುವ ಸದ್ದು ಅವರ ಹಾಸಿಗೆಗೆ ಕೇಳುತ್ತಿತ್ತು. ಈಗ ಮನೆಯಲ್ಲಿ ಜಾರಿ ಬೀಳುವವರು ಯಾರೂ ಇಲ್ಲದಿದ್ದರೂ ಆ ಕೆಲಸವನ್ನು ನಾವು ಬಿಟ್ಟಿಲ್ಲ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಗಳಲ್ಲಿ ವೃದ್ಧರೂ ಅಂಬೆಗಾಲಿಕ್ಕುವ ಮಕ್ಕಳೂ ಇರುವರು. ನಾಳೆ ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತನ್ನು ಇದಕ್ಕೆ ಕೊಟ್ಟು ನೋಡಿರೆಂದು ಬೇಡುತ್ತಾ, ನಿಮ್ಮೆಲ್ಲರ ಕ್ಷೇಮವನ್ನು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.